ಶಾರದಾ ಕಾಯ್ದೆಯ ಆರು ತಿಂಗಳು

ಏಳೆಂಟು ವರ್ಷದವಳಿದ್ದಾಗ, ಶಾರದಾ ಎಂದರೆ ನಮ್ಮ ಅಜ್ಜಿಯ ಮದುವೆಗೆ ಅಡ್ಡ ಬಂದ ಯಾರೋ ಹೆಂಗಸು ಅಂದುಕೊಂಡಿದ್ದೆ. ಅಜ್ಜಿ ಕಥೆ ಶುರು ಮಾಡುತ್ತಿದ್ದದ್ದೇ ಹಾಗೆ: "ಶಾರದಾ ಕಾಯ್ದೆ ಬರೂದಿತ್ತಲ್ಲ, ಹಂಗಾಗಿ ಗಡಿಬಿಡಿಯೊಳಗ ನಮ್ಮ ಲಗ್ನ ಮಾಡಿ ಒಗದ್ರು. ಮಂಡಿಗಿ ಮಾಡೋವ್ರು ಸುದ್ದಾ ಸಿಗಲಿಲ್ಲ." ಗದಗಿನ ನಮ್ಮ ಮನೆಯ ಗೋಡೆ ಮೇಲೆ ವೀಣೆ ಹಿಡಿದ ಶಾರದೆಯ ಪಟವೊಂದಿತ್ತು. ಇಷ್ಟು ಸೌಮ್ಯ ಮುಖದಾಕೆ ಅಜ್ಜಿಯ ಮದುವೆಯಲ್ಲಿ ಮಂಡಿಗೆಗೆ ಯಾಕೆ ಕಲ್ಲು ಹಾಕಿದಳು ಎಂಬುದು ನನಗೆ ಬಹಳ ದಿನ ಬಗೆಹರಿಯಲಿಲ್ಲ.

ಶಾರದಾ ದೇವಿಯೂ ಅಲ್ಲ, ಹೆಂಗಸೂ ಅಲ್ಲ ಎಂದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಅಜ್ಮೀರದ ಹರ್ ಬಿಲಾಸ್ ಸಾರ್ದಾ ಎಂಬ ನಿವೃತ್ತ ನ್ಯಾಯಾಧೀಶರ ಮನೆತನದ ಹೆಸರು ಅದು. ಧಾರವಾಡದ ಕಡೆಯ ಬಾಯಿಗೆ ಬರುವ ಹೊತ್ತಿಗೆ ಶಾರದಾ ಆಗಿತ್ತು. 1929ರ ಬಾಲ್ಯವಿವಾಹ ನಿಯಂತ್ರಣ ಕಾಯ್ದೆ ಎಂಬ ಉದ್ದನೆಯ ಸರ್ಕಾರಿ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಹೆಣ್ಣುಮಕ್ಕಳ ಕಾಯ್ದೆಗೆ ಹೆಣ್ಣಿನ ಹೆಸರೇ ಬಂದು ಕೂತಿತು.

ಹೋದ ವರ್ಷ ಊರ ಮನೆಯ ಅಟ್ಟ ಖಾಲಿ ಮಾಡುವಾಗ ಮುತ್ತಜ್ಜನ ಲಗ್ನದ ವಹಿ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು, ಉದ್ದಕ್ಕೆ ಮಡಚಿದ ಹಾಳೆ, ಅರ್ಧ ಹುಳು ತಿಂದದ್ದು. ಮೇಲೆ "ಶ್ರೀ" ಬರೆದು, ಕೆಳಗೆ ಶುಕ್ಲ ಸಂವತ್ಸರ, ಮಾಘ ಬಹುಳ ಪಂಚಮಿ ಎಂದಿದೆ. ಲೆಕ್ಕ ಹಾಕಿದೆ. 1930ರ ಫೆಬ್ರವರಿ ನಡು. ಕಾಯ್ದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ಕ್ಕೆ, ಅಂದರೆ ಆ ಸಲದ ಯುಗಾದಿಯ ಬೆನ್ನಿಗೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಆರು ವಾರದ ಅಂತರದಲ್ಲಿ ಆಕೆ ಕಾಯ್ದೆಯಿಂದ ತಪ್ಪಿಸಿಕೊಂಡಿದ್ದಳು, ಅಥವಾ ಕಾಯ್ದೆ ಆಕೆಯನ್ನು ತಪ್ಪಿಸಿಕೊಂಡಿತ್ತು. ಆಗ ಆಕೆಗೆ ಒಂಬತ್ತು ವರ್ಷ.

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ದಿಲ್ಲಿಯ ಹಳೆಯ ಕೇಂದ್ರ ಶಾಸನಸಭೆಯ ನಡಾವಳಿಗಳು ಈಗ ಕಂಪ್ಯೂಟರಿನಲ್ಲೇ ಓದಲು ಸಿಗುತ್ತವೆ. ಊಟವಾದ ಮೇಲೆ ಒಂದಿಷ್ಟು ಪುಟ ಓದುವುದು, ಕಣ್ಣು ಉರಿದಾಗ ಮಲಗುವುದು. ಅಜ್ಜಿಯ ಮದುವೆ ಹುಡುಕಲು ಹೋದವಳು ಬೇರೆ ಎಷ್ಟೋ ಜಗಳಗಳಲ್ಲಿ ಸಿಕ್ಕಿಬಿದ್ದೆ. ಆ ಸಭೆ ಎಂಥ ವಿಚಿತ್ರ ಜಾಗವಾಗಿತ್ತು ಎಂಬುದನ್ನು ಮೊದಲು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

1919ರ ಭಾರತ ಸರ್ಕಾರ ಕಾಯ್ದೆಯಿಂದ ಹುಟ್ಟಿದ ಸಭೆ ಅದು. 1921ರ ಫೆಬ್ರವರಿಯಲ್ಲಿ ಡ್ಯೂಕ್ ಆಫ್ ಕನಾಟ್ ಬಂದು ಉದ್ಘಾಟಿಸಿದರು. ಸದಸ್ಯರು 145. ಚುನಾಯಿತರಾಗಿ ಬಂದವರು 104, ಸರ್ಕಾರ ನೇಮಿಸಿದವರು 41, ಅದರಲ್ಲಿ 26 ಮಂದಿ ನೇರವಾಗಿ ಸರ್ಕಾರಿ ಅಧಿಕಾರಿಗಳು. ಮೇಲೆ ಕೌನ್ಸಿಲ್ ಆಫ್ ಸ್ಟೇಟ್ ಎಂಬ ಹಿರಿಯರ ಮನೆ, ಹೆಚ್ಚಾಗಿ ಜಮೀನ್ದಾರರು ಮತ್ತು ಧನಿಕರದು. ಲೆಕ್ಕಕ್ಕೆ ನೋಡಿದರೆ ಚುನಾಯಿತರದೇ ಬಹುಮತ. ಆದರೆ 1920ರ ಚುನಾವಣೆಯಲ್ಲಿ ಈ ಸಭೆಗೆ ಮತ ಹಾಕುವ ಹಕ್ಕಿದ್ದವರು ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ. ಇಂತಿಷ್ಟು ಕಂದಾಯ ಕಟ್ಟಬೇಕು, ಇಲ್ಲವೇ ಆದಾಯ ತೆರಿಗೆ ಕಟ್ಟಬೇಕು. ಹತ್ತೆಕರೆ ಮಳೆಹೊಲದ ರೈತನಿಗೆ ದಿಲ್ಲಿಯೂ ಒಂದೇ, ಲಂಡನ್ನೂ ಒಂದೇ.

ಹಾಗೂ ಬಹುಮತ ಬಂದರೆ ಏನು? ಏನೂ ಇಲ್ಲ. ಮಂತ್ರಿಗಳು ಸಭೆಗೆ ಉತ್ತರದಾಯಿಗಳಲ್ಲ. ಸೈನ್ಯದ ಖರ್ಚಿನ ಮೇಲೆ ಮತ ಹಾಕುವಂತಿಲ್ಲ. ಸಭೆ ಒಂದು ಮಸೂದೆಯನ್ನು ತಿರಸ್ಕರಿಸಿದರೆ, ದೇಶದ ಹಿತಕ್ಕೆ ಇದು ಅಗತ್ಯ ಎಂದು ವೈಸರಾಯ್ ಒಂದು ಪ್ರಮಾಣಪತ್ರ ಬರೆದರಾಯಿತು, ಅದು ಕಾನೂನೇ. ಮತ ಎಣಿಕೆಯಲ್ಲಿ ಗೆದ್ದು ಮನೆಗೆ ಸೋತು ಹೋಗುವ ಸಭೆ.

1923ರ ಉಪ್ಪಿನ ತೆರಿಗೆಯ ಕಥೆ ನೋಡಿ. ಬಜೆಟ್ಟಿನಲ್ಲಿ ಕೊರತೆ ಬಿತ್ತು. ಮಣಕ್ಕೆ 1 ರೂಪಾಯಿ 4 ಆಣೆ ಇದ್ದ ಸುಂಕವನ್ನು 2 ರೂಪಾಯಿ 8 ಆಣೆಗೆ, ಅಂದರೆ ಸರಿಯಾಗಿ ಎರಡು ಪಟ್ಟಿಗೆ ಏರಿಸಲು ಸರ್ಕಾರ ಹೊರಟಿತು. ಸಭೆ ಒಪ್ಪಲಿಲ್ಲ. ಗಮನಿಸಬೇಕಾದ ಮಾತೆಂದರೆ, ಗಾಂಧಿಯವರ ಅಸಹಕಾರದ ಕರೆಯಿಂದ ಕಾಂಗ್ರೆಸ್ಸಿನವರು ಆ ಮೊದಲ ಚುನಾವಣೆಯನ್ನೇ ಬಹಿಷ್ಕರಿಸಿದ್ದರು. ಒಳಗಿದ್ದವರು ಮಿತವಾದಿಗಳು, ರಾವ್ ಬಹಾದ್ದೂರರು, ಸರ್‌ಗಳು. ಅವರೇ ಬೇಡ ಎಂದರು. ವೈಸರಾಯ್ ರೀಡಿಂಗ್ ಪ್ರಮಾಣಪತ್ರ ಬರೆದರು, ಸುಂಕ ಏರಿತು. ಉಪ್ಪಿನ ವಿಷಯ ಆ ಸಭೆಯಲ್ಲಿ ಮುಗಿಯಿತು. ಏಳು ವರ್ಷ ಕಳೆದ ಮೇಲೆ 1930ರ ಏಪ್ರಿಲ್ 13ಕ್ಕೆ ನಮ್ಮ ಅಂಕೋಲೆಯ ಕಡಲ ದಂಡೆಯಲ್ಲಿ ಜನ ಉಪ್ಪು ಎತ್ತಿ ಹಿಡಿದರು. ಅಲ್ಲಿ ಯಾರ ಪ್ರಮಾಣಪತ್ರವೂ ನಡೆಯಲಿಲ್ಲ.

1923ರ ಕೊನೆಯ ಚುನಾವಣೆಯಲ್ಲಿ ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷ ಒಳಗೆ ಬಂತು. ಒಳಗೆ ಕೂತೇ ಗಾಲಿಗೆ ಕೋಲು ಹಾಕುತ್ತೇವೆ ಎಂಬ ಹಠ ಅವರದು. 1924ರ ಫೆಬ್ರವರಿಯಲ್ಲಿ ಪೂರ್ಣ ಜವಾಬ್ದಾರಿ ಸರ್ಕಾರ ಬೇಕು, ಅದಕ್ಕೊಂದು ದುಂಡು ಮೇಜಿನ ಪರಿಷತ್ತು ಕರೆಯಿರಿ ಎಂಬ ನಿರ್ಣಯವನ್ನು 76ಕ್ಕೆ 48 ಮತಗಳಿಂದ ಗೆದ್ದರು. ಆ ವರ್ಷದ ಹಣಕಾಸು ಮಸೂದೆಯನ್ನೇ ತಿರಸ್ಕರಿಸಿದರು. ಮತ್ತೆ ಪ್ರಮಾಣಪತ್ರ. 1928ರ ಫೆಬ್ರವರಿಯಲ್ಲಿ ಸೈಮನ್ ಆಯೋಗದ ಮೇಲೆ ನಮಗೆ ವಿಶ್ವಾಸವಿಲ್ಲ ಎಂದು ಲಾಲಾ ಲಜಪತ ರಾಯ್ ನಿರ್ಣಯ ತಂದರು. 68ಕ್ಕೆ 62, ಗೆದ್ದರು. ಸೈಮನ್ ಆಯೋಗ ತನ್ನ ಪಾಡಿಗೆ ಊರೂರು ಸುತ್ತಿತು. ಅದೇ ವರ್ಷ ಲಾಹೋರಿನಲ್ಲಿ ಆ ಆಯೋಗದ ವಿರುದ್ಧ ಮೆರವಣಿಗೆಯಲ್ಲಿ ಲಾಲಾಜಿ ಲಾಠಿ ಏಟು ತಿಂದರು, ನವೆಂಬರಿನಲ್ಲಿ ತೀರಿಹೋದರು.

ಈ ಮತಗಳ ಪಟ್ಟಿ ಓದುವಾಗ ನನಗೆ ಮೊದಮೊದಲು ಬೇಸರ ಬರುತ್ತಿತ್ತು. ಗೆಲುವಿಗೆ ಬೆಲೆಯಿಲ್ಲ ಎಂದು ಗೊತ್ತಿದ್ದೂ ಈ ಮನುಷ್ಯರು ಕೋಟು ಪೇಟ ಹಾಕಿಕೊಂಡು ಬಂದು, ಕಲಮು ಉಪಕಲಮು ಹಿಡಿದು, ತಿದ್ದುಪಡಿಗೆ ತಿದ್ದುಪಡಿ ತಂದು ಯಾಕೆ ಒದ್ದಾಡಿದರು? ಆಮೇಲೆ ವಿಠ್ಠಲಭಾಯಿ ಪಟೇಲರ ಹತ್ತಿರ ಬಂದೆ. ಬೇಸರ ಹೋಯಿತು.

ವಲ್ಲಭಭಾಯಿಯ ಅಣ್ಣ. ಉದ್ದ ಬಿಳಿ ಗಡ್ಡ. ಸಭೆಯ ಮೊದಲ ಅಧ್ಯಕ್ಷ ಸರ್ ಫ್ರೆಡರಿಕ್ ವೈಟ್ ಸರ್ಕಾರ ನೇಮಿಸಿದವರು. ಅವರ ಅವಧಿ ಮುಗಿದ ಮೇಲೆ, 1925ರ ಆಗಸ್ಟಿನಲ್ಲಿ ಶಿಮ್ಲಾದಲ್ಲಿ, ಅಧ್ಯಕ್ಷರನ್ನು ಸದಸ್ಯರೇ ಆರಿಸುವ ಮೊದಲ ಚುನಾವಣೆ ನಡೆಯಿತು. ಮದರಾಸಿನ ಟಿ. ರಂಗಾಚಾರಿಯರ್ ವಿರುದ್ಧ ಪಟೇಲರು ಗೆದ್ದದ್ದು 58ಕ್ಕೆ 56ರಲ್ಲಿ. ಎರಡೇ ಎರಡು ಮತ. ಆದರೆ ಅಧ್ಯಕ್ಷನ ತೀರ್ಪಿಗೆ ವೈಸರಾಯ್ ಪ್ರಮಾಣಪತ್ರ ಬರೆಯುವಂತಿರಲಿಲ್ಲ. ಇಡೀ ಕಟ್ಟಡದಲ್ಲಿ ನಿಜವಾದ ಅಧಿಕಾರವಿದ್ದದ್ದು ಆ ಒಂದು ಕುರ್ಚಿಗೆ. ಪಟೇಲರು ಅದನ್ನು ಕೊನೆಯ ಕವಡೆಯವರೆಗೆ ಬಳಸಿದರು.

1928ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಸುರಕ್ಷತಾ ಮಸೂದೆ ಬಂತು. ಕಮ್ಯುನಿಸ್ಟ್ ಕೆಲಸಕ್ಕೆ ಬಂದ ವಿದೇಶಿಯರನ್ನು ವಿಚಾರಣೆಯಿಲ್ಲದೆ ಗಡೀಪಾರು ಮಾಡುವ ಮಸೂದೆ. ಮತ ಸಮ ಸಮ ಬಿತ್ತು. ಪಟೇಲರು ತಮ್ಮ ನಿರ್ಣಾಯಕ ಮತವನ್ನು ವಿರುದ್ಧ ಹಾಕಿದರು. ಸರ್ಕಾರ ಮರುವರ್ಷ ಮತ್ತೆ ತಂದಿತು. ಅಷ್ಟರಲ್ಲಿ 1929ರ ಮಾರ್ಚ್ 20ಕ್ಕೆ ಕಾರ್ಮಿಕ ಮುಖಂಡರನ್ನು ಹಿಡಿದು ಮೀರತ್ ಪಿತೂರಿ ಮೊಕದ್ದಮೆ ಹೂಡಲಾಗಿತ್ತು. ನ್ಯಾಯಾಲಯದ ಮುಂದಿರುವ ವಿಷಯವನ್ನು ಮುಟ್ಟದೆ ಈ ಮಸೂದೆಯ ಚರ್ಚೆ ಹೇಗೆ ಸಾಧ್ಯ, ಒಂದೋ ಮೊಕದ್ದಮೆ ಬಿಡಿ, ಇಲ್ಲವೇ ಮಸೂದೆ ಮುಂದೆ ಹಾಕಿ ಎಂದರು ಪಟೇಲರು. ಏಪ್ರಿಲ್ 8ರಂದು ಆ ತೀರ್ಪನ್ನು ಓದಲು ಎದ್ದು ನಿಂತ ಹೊತ್ತಿಗೇ ಪ್ರೇಕ್ಷಕರ ಗ್ಯಾಲರಿಯಿಂದ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು ಬಾಂಬ್ ಎಸೆದರು. ಆ ದಿನ ಗ್ಯಾಲರಿಯಲ್ಲಿ ಅತಿಥಿಯಾಗಿ ಕೂತಿದ್ದವರಲ್ಲಿ ಸಾಕ್ಷಾತ್ ಸರ್ ಜಾನ್ ಸೈಮನ್ ಕೂಡ ಒಬ್ಬರು.

ಬಾಂಬಿನ ಕಥೆ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅರ್ಧಕ್ಕೆ ನಿಂತ ಆ ತೀರ್ಪು ಏನಾಯಿತು ಎಂದು ಮಾತ್ರ ಯಾರೂ ಹೇಳಲಿಲ್ಲ. ಮೂರು ದಿನ ಬಿಟ್ಟು, ಏಪ್ರಿಲ್ 11ಕ್ಕೆ, ಪಟೇಲರು ಅದನ್ನು ಓದಿದರು. ಬಾಂಬ್ ಬಿದ್ದಿದೆ, ಈಗಲಾದರೂ ಮೆತ್ತಗಾದಾರು ಎಂದು ಸರ್ಕಾರದ ಬೆಂಚು ಕಾದಿತ್ತೋ ಏನೋ. ಮಸೂದೆ ಕ್ರಮಬದ್ಧವಲ್ಲ ಎಂದರು, ಕೂತರು. ಎರಡು ದಿನದಲ್ಲಿ ವೈಸರಾಯ್ ಅದನ್ನೇ ಸುಗ್ರೀವಾಜ್ಞೆ ಮಾಡಿದರು. ಮುಂದೆ ಸರ್ಕಾರದ ಪೊಲೀಸರು ಸಭೆಯೊಳಗೆ ಕಾವಲಿಗೆ ಬರುತ್ತೇವೆ ಎಂದಾಗ, ಬೇಡ, ಸಭೆಗೆ ತನ್ನದೇ ಕಾವಲು ಇರಬೇಕು ಎಂದು ಪಟೇಲರು ಜಗಳ ಆಡಿದರು. ಆ ವರ್ಷದ ಜನವರಿಯಲ್ಲೇ ಸಭೆಯ ಕಚೇರಿಯನ್ನು ಸರ್ಕಾರದ ಕೈಯಿಂದ ಬಿಡಿಸಿ ಬೇರೆ ಮಾಡಿಸಿದ್ದರು. ಇವತ್ತಿನ ಲೋಕಸಭೆಯ ಸಚಿವಾಲಯದ ಬೇರು ಅದೇ.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. 1929ರ ಸೆಪ್ಟೆಂಬರ್, ಶಿಮ್ಲಾ.

ಬೇಸಿಗೆ ಬಂತೆಂದರೆ ಸರ್ಕಾರವೇ ಗುಡ್ಡ ಹತ್ತುತ್ತಿದ್ದ ಕಾಲ. ದಿಲ್ಲಿಯ ದುಂಡು ಕಟ್ಟಡ 1927ರ ಜನವರಿಯಲ್ಲಿ ತೆರೆದಿತ್ತು, ಆದರೂ ಮಳೆಗಾಲದ ಅಧಿವೇಶನ ಶಿಮ್ಲಾದಲ್ಲೇ. ಅಲ್ಲಿನ ಆ ಸಭಾಭವನದಲ್ಲಿ ಈಗ ಹಿಮಾಚಲದ ವಿಧಾನಸಭೆ ಸೇರುತ್ತದೆ. ಎರಡು ವರ್ಷದ ಹಿಂದೆ ಹೋದಾಗ ಹೊರಗಿನಿಂದ ನೋಡಿದೆ. ಒಳಗೆ ಬಿಡಲಿಲ್ಲ. ಒಂದೇ ತಿಂಗಳಲ್ಲಿ, ಒಂದೇ ಸೂರಿನ ಕೆಳಗೆ, ಅದೇ ಪಟೇಲರ ಮುಂದೆ ನಡೆದ ಎರಡು ಚರ್ಚೆಗಳನ್ನು ನಾನು ಜೋಡಿಯಾಗಿ ಓದಿದೆ. ಹಾಗೆ ಓದಿದ್ದರಿಂದಲೇ ನನಗೆ ಆ ಸಭೆ ಅರ್ಥವಾದದ್ದು.

ಮೊದಲನೆಯದು ಉಪವಾಸದ ಮಸೂದೆ. ಲಾಹೋರ್ ಜೈಲಿನಲ್ಲಿ ಭಗತ್ ಸಿಂಗ್ ಮತ್ತು ಸಂಗಡಿಗರು ಉಪವಾಸ ಕೂತಿದ್ದರು, ನಿತ್ರಾಣರಾಗಿ ಕೋರ್ಟಿಗೆ ಬರಲಾರದವರಾಗಿದ್ದರು. ಆರೋಪಿ ಎದುರಿಗಿಲ್ಲದೆಯೂ ವಿಚಾರಣೆ ನಡೆಸಬಹುದು ಎಂದು ಕಾನೂನನ್ನೇ ತಿದ್ದಲು ಸರ್ಕಾರ ಬಂತು. ಸೆಪ್ಟೆಂಬರ್ 12ಕ್ಕೆ ಜಿನ್ನಾ ಮಾತು ಶುರು ಮಾಡಿದರು. 13ಕ್ಕೆ ಜತೀನ್ ದಾಸ್ 63 ದಿನದ ಉಪವಾಸದ ನಂತರ ಜೈಲಿನಲ್ಲೇ ಸತ್ತರು. 14ಕ್ಕೆ ಜಿನ್ನಾ ಮಾತು ಮುಂದುವರಿಸಿದರು. ಉಪವಾಸ ಮಾಡುವವನಿಗೆ ಒಂದು ಆತ್ಮವಿದೆ, ಅವನು ಮಾಮೂಲಿ ಕೊಲೆಗಾರನಲ್ಲ ಎಂಬರ್ಥದ ಮಾತು. ಅದೇ ಜಿನ್ನಾ, ಹೌದು. ನಮ್ಮ ತಲೆಯಲ್ಲಿ ಕೂತ ಜಿನ್ನಾರ ಜೊತೆ ಈ ಜಿನ್ನಾರನ್ನು ಹೊಂದಿಸಿಕೊಳ್ಳಲು ನನಗೆ ಎರಡು ಮೂರು ರಾತ್ರಿ ಬೇಕಾಯಿತು. ಸಭೆ ಮಸೂದೆಯನ್ನು ತಡೆಯಿತು. ಮರುವರ್ಷ ಮೇ 1ಕ್ಕೆ ವೈಸರಾಯ್ ಇರ್ವಿನ್ ಸುಗ್ರೀವಾಜ್ಞೆ ಹೊರಡಿಸಿ, ಲಾಹೋರ್ ಮೊಕದ್ದಮೆಗೆಂದೇ ಮೂವರು ನ್ಯಾಯಾಧೀಶರ ವಿಶೇಷ ನ್ಯಾಯಮಂಡಳಿ ಮಾಡಿದರು. ಆ ಮಂಡಳಿಯೇ ಗಲ್ಲು ವಿಧಿಸಿತು. ಮತ್ತೊಂದು ಗೆದ್ದು ಸೋತ ಕಥೆ.

ಎರಡನೆಯದು ಸಾರ್ದಾ ಅವರ ಮಸೂದೆ. ಅದು ಸಭೆಗೆ ಬಂದದ್ದು 1927ರಲ್ಲಿ. ಮೊದಲು ಹಿಂದೂಗಳಿಗೆ ಮಾತ್ರ ಅನ್ವಯಿಸುವಂತೆ, ಹನ್ನೆರಡರೊಳಗಿನ ಹುಡುಗಿಯ ಮದುವೆ ಮದುವೆಯೇ ಅಲ್ಲ ಎನ್ನುವಂತೆ ಬರೆದಿದ್ದರು. ಸಾರ್ದಾ ಮುಂದಿಟ್ಟದ್ದು ಬಾಲವಿಧವೆಯರ ಲೆಕ್ಕ. ಜನಗಣತಿಯ ಪುಸ್ತಕದಲ್ಲಿ ಐದು ವರ್ಷದೊಳಗಿನ ವಿಧವೆಯರು ಎಂದೇ ಒಂದು ಸಾಲಿರುತ್ತಿತ್ತು. ಮಸೂದೆ ಸಮಿತಿಗೆ ಹೋಯಿತು, ಜನಾಭಿಪ್ರಾಯಕ್ಕೆ ಹೋಯಿತು. ಅಖಿಲ ಭಾರತ ಮಹಿಳಾ ಪರಿಷತ್ತಿನ ಹೆಂಗಸರು ಸದಸ್ಯರ ಬೆನ್ನು ಹತ್ತಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಆಗ ಆ ಪರಿಷತ್ತಿನ ಕಾರ್ಯದರ್ಶಿ. ಎರಡು ವರ್ಷ ಜಗ್ಗಾಡಿದ ಮೇಲೆ ಉಳಿದದ್ದು ಇದು: ಎಲ್ಲ ಧರ್ಮದವರಿಗೂ ಅನ್ವಯ, ಹುಡುಗಿಗೆ 14, ಹುಡುಗನಿಗೆ 18.

ವಿರೋಧದ ಮಾತುಗಳನ್ನು ಓದುವಾಗ ನನ್ನ ಬಂಧುಗಳೇ ಮಾತಾಡಿದಂತೆ ಕೇಳುತ್ತಿತ್ತು. ಮದರಾಸಿನ ಎಂ.ಕೆ. ಆಚಾರ್ಯರಂಥವರ ವಾದ: ಇದು ಧರ್ಮದ ವಿಷಯ, ಪರದೇಶಿ ಸರ್ಕಾರದ ಸಭೆ ಕೈ ಹಾಕಬಾರದು, ಮದುವೆ ಬರೀ ಸಂಸ್ಕಾರ, ಸಂಸಾರ ಶುರುವಾಗುವುದು ಆಮೇಲೆ. ಇದರಲ್ಲಿ ಮೊದಲ ಮಾತು ಅಷ್ಟು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ ಎಂಬುದೇ ನನಗೆ ಕಿರಿಕಿರಿ. ಉಪ್ಪಿನ ವಿಷಯದಲ್ಲಿ ಈ ಸಭೆಗೆ ಅಧಿಕಾರವಿಲ್ಲ ಎಂದು ಬೈದವಳು ನಾನು. ಹತ್ತು ಲಕ್ಷ ಜನ ಆರಿಸಿದ ಸಭೆ ಕೋಟಿಗಟ್ಟಲೆ ಮನೆಗಳ ಪಡಸಾಲೆಗೆ ಕಾಲಿಡಬಹುದೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಜಿನ್ನಾ ಇದಕ್ಕೂ ಉತ್ತರ ಕೊಟ್ಟರು. ಇಂಥ ಕ್ರೂರ ರೂಢಿಗೆ ದೇವರ ಒಪ್ಪಿಗೆ ಇದೆಯೆಂದು ನಂಬಲಾರೆ, ನನ್ನ ಮತದಾರರಿಗೆ ಇದು ಸರಿಬರದಿದ್ದರೆ ಬೇರೆಯವರನ್ನು ಆರಿಸಿಕೊಳ್ಳಿ ಎಂದು ಅವರಿಗೆ ಹೇಳುವುದೇ ನನ್ನ ಕರ್ತವ್ಯ ಎಂಬ ಧಾಟಿಯಲ್ಲಿ. ಚಪ್ಪಾಳೆ ತಟ್ಟುವಂಥ ಮಾತು. ಆದರೆ ಮತ ಹಾಕುವ ಹಕ್ಕೇ ಇಲ್ಲದ ನನ್ನ ಅಜ್ಜಿ ಯಾರನ್ನು ಆರಿಸಿಕೊಳ್ಳಬೇಕಿತ್ತು?

ಸಭೆಯಲ್ಲಿ ಅಂದು ಒಬ್ಬ ಹೆಂಗಸೂ ಸದಸ್ಯಳಾಗಿರಲಿಲ್ಲ. ಹುಡುಗಿಯರ ವಯಸ್ಸನ್ನು ಹನ್ನೆರಡಕ್ಕೋ ಹದಿಮೂರಕ್ಕೋ ಹದಿನಾಲ್ಕಕ್ಕೋ ಎಂದು ಗಂಡಸರೇ ಚೌಕಾಶಿ ಮಾಡಿದರು. ಗ್ಯಾಲರಿಯಲ್ಲಿ ಹೆಂಗಸರು ಕೂತು ನೋಡಿದರು. ಒಂಬತ್ತು ವರ್ಷ ಕಳೆದು 1938ರಲ್ಲಿ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಮೊದಲ ಮಹಿಳೆ ಆಯ್ಕೆಯಾದರು, ರಾಧಾಬಾಯಿ ಸುಬ್ಬರಾಯನ್. ಮಂಗಳೂರಿನ ಕುದ್ಮುಲ್ ರಂಗರಾಯರ ಮಗಳು. ದಲಿತ ಮಕ್ಕಳಿಗೆ ಶಾಲೆ ತೆರೆದು ಊರವರ ಕೈಯಲ್ಲಿ ಬೈಸಿಕೊಂಡ ರಂಗರಾಯರು. ಹತ್ತಿರದ ಊರಿನ ಹೆಸರು ಬಂದಾಗ ಹಿಗ್ಗುವುದು ಸಹಜ, ಹಿಗ್ಗಿದೆ.

ನಮ್ಮ ಕಡೆಯ ಸದಸ್ಯರು ಯಾರಿದ್ದರು ಎಂದೂ ಹುಡುಕಿದೆ. ಹಳೆ ಮೈಸೂರಿನವರಿಗೆ ದಿಲ್ಲಿಯಲ್ಲಿ ಜಾಗವೇ ಇರಲಿಲ್ಲ, ಅದು ಮಹಾರಾಜರ ಸೀಮೆ. ಅವರಿಗೆ 1881ರಿಂದಲೇ ತಮ್ಮದೇ ಪ್ರಜಾಪ್ರತಿನಿಧಿ ಸಭೆ ಇತ್ತು, 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿದ ಕಾನೂನೂ ಇತ್ತು. ಎಂಟು! ಅದನ್ನೂ ಆಗ ದೊಡ್ಡ ಕ್ರಾಂತಿ ಎಂದು ಬೈದರಂತೆ. ಮುಂಬೈ ಇಲಾಖೆಯಲ್ಲಿದ್ದ ನಾವು ಬ್ರಿಟಿಷ್ ಇಂಡಿಯಾದವರು, ಹಾಗಾಗಿ ದಿಲ್ಲಿಯ ಕಾಯ್ದೆ ನೇರ ನಮ್ಮ ಮನೆಗೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಸೇರಿದ ಮುಂಬೈ ದಕ್ಷಿಣ ವಿಭಾಗದ ಗ್ರಾಮೀಣ ಕ್ಷೇತ್ರದಿಂದ ಆಗ ಸದಸ್ಯರಾಗಿದ್ದವರು ಬೆಳಗಾವಿಯ ವಕೀಲ ಡಿ.ವಿ. ಬೆಳವಿಯವರು. ಇಷ್ಟು ದೊಡ್ಡ ಸೀಮೆಗೆ ಒಬ್ಬರು. ನಮ್ಮ ಮುತ್ತಜ್ಜ ಅವರನ್ನು ಕಂಡಿದ್ದನೋ ಇಲ್ಲವೋ. ಕಾಯ್ದೆಯ ಸುದ್ದಿ ಮಾತ್ರ ಅವನಿಗೆ ಚೆನ್ನಾಗಿ ತಲುಪಿತ್ತು.

ಮಸೂದೆ ಗೆದ್ದಿತು. ಈ ಸಲ ಯಾರೂ ಪ್ರಮಾಣಪತ್ರ ಬರೆಯಲಿಲ್ಲ, ಸುಗ್ರೀವಾಜ್ಞೆ ಹೊರಡಿಸಲಿಲ್ಲ. ಉಪ್ಪು, ಪೊಲೀಸು, ಬಜೆಟ್ಟು ಸರ್ಕಾರದ್ದು. ಹೆಣ್ಣುಮಕ್ಕಳ ಕೊರಳಿನ ತಾಳಿ ಮಾತ್ರ ಸಭೆಯದ್ದು. ಅದೊಂದು ವಿಷಯದಲ್ಲಿ ನಮ್ಮ ಜನ ತೆಗೆದುಕೊಂಡ ತೀರ್ಮಾನ ತೀರ್ಮಾನವಾಗಿಯೇ ನಿಂತಿತು. ಹಾಗಾಗಿಯೇ ನನಗೆ ಅದರ ಮೇಲೆ ಸಿಟ್ಟು ಹೆಚ್ಚು. ಉಳಿದದ್ದಕ್ಕೆಲ್ಲ ವೈಸರಾಯನನ್ನು ಬೈಯಬಹುದು. ಇದಕ್ಕೆ ಬೈಯಲು ಬೇರೆಯವರಿಲ್ಲ.

ಕಾಯ್ದೆಯನ್ನೇ ತೆಗೆದು ಓದಿದೆ. 1929ರ 19ನೆಯ ಕಾಯ್ದೆ, ಕೆಲವೇ ಕಲಮು, ಅರ್ಧ ಗಂಟೆಯ ಓದು. ಮೊದಲ ಕಲಮಿನಲ್ಲೇ ಇದೆ: 1930ರ ಏಪ್ರಿಲ್ 1ರಿಂದ ಜಾರಿ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಆರು ತಿಂಗಳು. ತುಳಸಿ ಲಗ್ನ ಮುಗಿದು ಮಾರ್ಗಶಿರ, ಪುಷ್ಯ ಬಿಟ್ಟರೆ ಮಾಘ, ಫಾಲ್ಗುಣ. ಲಗ್ನಸರಾಯಿ ಇಡಿಯಾಗಿ ಬಿಟ್ಟುಕೊಟ್ಟ ಹಾಗೆ. ತಪ್ಪು ಮಾಡಿದವರಿಗೆ ಶಿಕ್ಷೆ ಏನು? ಒಂದು ತಿಂಗಳ ಸಾದಾ ಸಜೆ, ಇಲ್ಲವೇ 1000 ರೂಪಾಯಿವರೆಗೆ ದಂಡ. ಆದ ಮದುವೆ ಊರ್ಜಿತವೇ. ಪೊಲೀಸರು ತಾವಾಗಿ ಬರುವಂತಿಲ್ಲ, ಯಾರಾದರೂ ದೂರು ಕೊಡಬೇಕು, ಅದೂ ಒಂದು ವರ್ಷದೊಳಗೆ. ದೂರು ಕೊಟ್ಟವನೇ 100 ರೂಪಾಯಿವರೆಗೆ ಮುಚ್ಚಳಿಕೆ ಬರೆದುಕೊಡಬೇಕು. ಊರ ಕುಲಕರ್ಣಿಯ ಮಗಳ ಮದುವೆಯ ಮೇಲೆ ನೂರು ರೂಪಾಯಿ ಒತ್ತೆ ಇಟ್ಟು ದೂರು ಕೊಡುವವನು ಯಾವ ಹಳ್ಳಿಯಲ್ಲಿದ್ದಾನೆ? 1932ರ ಆಗಸ್ಟ್‌ವರೆಗೆ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ನಡೆದ ಮೊಕದ್ದಮೆಗಳು 473, ಶಿಕ್ಷೆಯಾದದ್ದು 167ರಲ್ಲಿ.

ಆದರೆ ಕಾಯ್ದೆಯ ಹೆದರಿಕೆ ಕಾಯ್ದೆಗಿಂತ ಮೊದಲೇ ಊರೂರು ತಲುಪಿತು. ಇನ್ನು ಮುಂದೆ ಮಗಳ ಮದುವೆ ಮಾಡಿದರೆ ಕೈಗೆ ಕೋಳ ಎಂದು ಸುದ್ದಿ. "ದಿನಕ್ಕ ನಾಕು ಲಗ್ನ ಆಗ್ತಿದ್ದೂ ಅಂತ. ಭಟ್ರು ಒಂದು ಚಪ್ಪರದಾಗ ಅಕ್ಷತಿ ಹಾಕಿ ಇನ್ನೊಂದು ಚಪ್ಪರಕ್ಕ ಓಡ್ತಿದ್ರು" ಎಂದು ಅಜ್ಜಿ ನಗುತ್ತಿದ್ದಳು. ಉತ್ಪ್ರೇಕ್ಷೆ ಅಂದುಕೊಂಡಿದ್ದೆ. 1931ರ ಜನಗಣತಿ ನೋಡಿದ ಮೇಲೆ ಹಾಗನ್ನಿಸಲಿಲ್ಲ. ಹದಿನೈದರೊಳಗಿನ ವಿವಾಹಿತ ಹುಡುಗಿಯರು 1921ರಲ್ಲಿ ಸುಮಾರು 85 ಲಕ್ಷವಿದ್ದದ್ದು 1931ರಲ್ಲಿ 1 ಕೋಟಿ 20 ಲಕ್ಷ ದಾಟಿತ್ತು. ಕಾಯ್ದೆ ಬಂದ ಮೇಲೆ ಕಡಿಮೆಯಾಗಬೇಕಾದ್ದು ಏರಿತ್ತು. ಆ ಏರಿಕೆಯೊಳಗೆ ನಮ್ಮ ಅಜ್ಜಿ ಒಬ್ಬಳು.

ಅಲ್ಲ, ಒಬ್ಬಳಲ್ಲ.

ಅಜ್ಜಿಗೆ ಒಬ್ಬ ತಂಗಿ ಇದ್ದಳು. ನಾವು ಸಣ್ಣಜ್ಜಿ ಎನ್ನುತ್ತಿದ್ದೆವು. ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು, ಹಿತ್ತಿಲ ಕಡೆಯ ಕೋಣೆ. ಮಕ್ಕಳಾದ ನಮಗೆ ಹುರಿಗಡಲೆ ಬೆಲ್ಲ ಕೊಡುತ್ತಿದ್ದವಳು ಅವಳೇ. ಮನೆಯ ಉಪ್ಪಿನಕಾಯಿ, ಸಂಡಿಗೆ, ಮೆಂತ್ಯದ ಹಿಟ್ಟು ಎಲ್ಲ ಅವಳ ಕೈಯದು. ಅಜ್ಜಿ ಮದುವೆಯ ಕಥೆ ಶುರು ಮಾಡಿ ಮಂಡಿಗೆಯ ತನಕ ಬರುವ ಹೊತ್ತಿಗೆ ಸಣ್ಣಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು. ನೂರು ಸಲ ಕೇಳಿದ ಕಥೆ, ಬೇಸರ ಬಂದಿರಬೇಕು ಎಂದು ನಾವು ತಿಳಿದಿದ್ದೆವು. ಅವಳಿಗೆ ಹನ್ನೆರಡು ವರ್ಷವಾದಾಗ ಗಂಡ ವಿಷಮಶೀತ ಜ್ವರದಲ್ಲಿ ಹೋದನಂತೆ. ಅತ್ತೆಮನೆಗೆ ಅವಳು ಇನ್ನೂ ಹೋಗಿಯೇ ಇರಲಿಲ್ಲ. ಸಭೆಯ ಆ ಎಂ.ಕೆ. ಆಚಾರ್ಯರ ಲೆಕ್ಕದಲ್ಲಿ ಬರೀ ಸಂಸ್ಕಾರ. ಇಷ್ಟು ನಮಗೆ ಗೊತ್ತಿತ್ತು. ಅವಳ ಮದುವೆ ಯಾವಾಗ ಆಯಿತು ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ವಹಿಯಲ್ಲಿ ಇದೆ. ಚಪ್ಪರದ ಬಿದಿರು, ತೆಂಗಿನ ಗರಿ, ಅಡಿಗೆಯವರ ಕೂಲಿ, ಓಲಗದವರಿಗೆ ಧೋತರ, ಎಲ್ಲ ಒಂದೊಂದೇ ಸಲ. ಭಟ್ಟರ ದಕ್ಷಿಣೆಯ ಮುಂದೆ ಎರಡು ಎಂದಿದೆ. ಮುತ್ತಜ್ಜ ಲೆಕ್ಕದ ಮನುಷ್ಯ. ಚಪ್ಪರ ಹೇಗೂ ಹಾಕಿದ್ದೇ ಇತ್ತು, ಬೀಗರು ಬಂದಿದ್ದೇ ಇತ್ತು, ಯುಗಾದಿ ದಾಟಿದರೆ ಮುಂದೆ ಒಂಬತ್ತು ವರ್ಷ ಕಾಯಬೇಕು. ಸಣ್ಣ ಮಗಳಿಗೆ ಆಗ ಐದು. ಪುಟದ ಕೊನೆಗೆ ಬಳೆಗಾರನ ಲೆಕ್ಕ, ಮುತ್ತಜ್ಜನ ಓರೆ ಅಕ್ಷರದಲ್ಲಿ: "ಹಸರ ಬಳಿ, ಅಳತಿ ಎರಡು. ದೊಡ್ಡಾಕಿಗೆ ಡಜನ್ 1. ಸಣ್ಣಾಕಿ ಅಳತಿ ಸಿಗಲಿಲ್ಲ, ನೂಲು ಸುತ್ತಿ ಹಾಕಿತು."